ಕತ್ತರಿ ಬಿಡದ ಕೈ

ಮೂವತ್ತು ವರ್ಷ ಕೋಟು ಹೊಲಿದ ದರ್ಜಿಗೆ ಒಂದು ಬೆಳಗ್ಗೆ ಲಕ್ವ ಹೊಡೆಯಿತು. ಕಾಲು ಬೇಗ ಸುಧಾರಿಸಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡಿತು. ಅಂಗಡಿ ಮುಚ್ಚಬಾರದೆಂದು, ಅಲ್ಲಿಯವರೆಗೆ ಕಾಜ ಮಾಡಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಕತ್ತರಿ ಕೈಗೆತ್ತಿಕೊಂಡಳು.

ಅವಳು ಚೆನ್ನಾಗಿ ಕತ್ತರಿಸಿದಳು. ಅವನ ಸಂಕಟ ಶುರುವಾದದ್ದೇ ಅಲ್ಲಿಂದ.

ವಾರಕ್ಕೆ ಮೂರು ದಿನ ಫಿಜಿಯೋ ಮೇಡಂ ಅಂಗಡಿಗೇ ಬರುತ್ತಿದ್ದರು. ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ, ಬಲಗೈಯನ್ನು ಅದರ ಹಿಂದೆ ಮರೆಮಾಡಿ, ಎಡಗೈಯನ್ನು ಮಡಚಿ ಬಿಚ್ಚಿಸುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಬಲಗೈಯೇ ಬಿಚ್ಚಿದ ಹಾಗೆ.

"ಮಿದುಳಿಗೆ ಸ್ವಲ್ಪ ಮೋಸ ಮಾಡ್ತಿದ್ದೀವಿ ಮಾಸ್ಟರೇ."

"ಅದು ಅಷ್ಟು ಸುಲಭಕ್ಕೆ ಮೋಸ ಹೋಗಲ್ಲ ಮೇಡಂ. ನಾಳೆ ಬಾ ಅಂತ ಗಿರಾಕಿಗಳಿಗೆ ಮೋಸ ಮಾಡಿ ಪಳಗಿದೆ."

ಬೆರಳು ಕೊಂಚ ಅಲುಗಾಡತೊಡಗಿದ ಮೇಲೆ ಎಡಗೈಗೆ ದಪ್ಪ ಗವಸು ಬಿತ್ತು. ದಿನಕ್ಕೆ ನಾಲ್ಕು ಗಂಟೆ ಒಳ್ಳೆಯ ಕೈಗೆ ರಜೆ, ಸೋತ ಕೈಗೆ ದುಡಿಮೆ. ಅವನು ಮೂಲೆಯಲ್ಲಿ ಕೂತು ಗುಂಡಿಗಳನ್ನು ತಟ್ಟೆಯಿಂದ ಬಟ್ಟಲಿಗೆ ಹಾಕುತ್ತಿದ್ದ. ಹಿಡಿಯುವುದು ಬೇಗ ಬಂತು, ಬಿಡುವುದು ಬರಲಿಲ್ಲ.

ಒಂದು ಮಧ್ಯಾಹ್ನ ಹಳೆಯ ಗಿರಾಕಿ ಲಾಯರು ಹೊಸ ಕೋಟು ತೊಟ್ಟು, ತೋಳೆತ್ತಿ ನೋಡಿ ಅವಳಿಗೆ ಹೇಳಿದರು: "ಭುಜ ಇಷ್ಟು ಸರಿಯಾಗಿ ಯಾವತ್ತೂ ಕೂತಿರ್ಲಿಲ್ಲಮ್ಮ. ಮುಂದಿನದೂ ನೀವೇ ಕತ್ತರಿಸಿ."

ದರ್ಜಿ ಗುಂಡಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಅವಳು ಲಾಯರನ್ನು ಬೀದಿಯವರೆಗೆ ಕಳಿಸಲು ಹೋದದ್ದೇ ತಡ, ಅವನು ಎದ್ದು, ಎಡಗೈ ಗವಸಿನಲ್ಲಿದ್ದುದರಿಂದ, ಮೇಜಿನ ಮೇಲಿದ್ದ ಕತ್ತರಿಯನ್ನು ಬಲಗೈಯಲ್ಲಿ ಬಾಚಿ ಹಿಡಿದ. ಚಿಂದಿ ತುಂಬಿದ ಚೀಲದ ಬಳಿ ಹೋಗಿ ಕೈಯನ್ನು ಒಳಗೆ ತೂರಿಸಿದ. ಕೈ ಬಿಚ್ಚಲಿಲ್ಲ. ಕೊಡವಿದ, ಚೀಲದ ಅಂಚಿಗೆ ಉಜ್ಜಿದ. ಕತ್ತರಿ ಬೀಳಲೇ ಇಲ್ಲ.

ಅವಳು ಬಾಗಿಲಲ್ಲಿ ನಿಂತಿದ್ದಳು. "ಕತ್ತರಿ ಹಿಡಿದ್ರಾ?" ಎನ್ನುವಷ್ಟರಲ್ಲಿ ಅವಳ ಕಣ್ಣು ಸಂತೋಷಕ್ಕೆ ತುಂಬಿತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಆ ಕಣ್ಣು ನೋಡಿ ಸುಳ್ಳು ಹೊರಡಲಿಲ್ಲ. "ಬಚ್ಚಿಡೋಕೆ ಹೋಗಿದ್ದೆ. ನಿನಗೆ ಸಿಗಬಾರದು ಅಂತ."

ಅವಳು ಮೇಡಂ ಕಲಿಸಿದಂತೆ ಅವನ ಮಣಿಕಟ್ಟನ್ನು ನಿಧಾನ ಕೆಳಕ್ಕೆ ಬಗ್ಗಿಸಿದಳು. ಮೊದಲು ಹೆಬ್ಬೆರಳು, ಆಮೇಲೆ ಒಂದೊಂದೇ ಬೆರಳು ಬಿಡಿಸಿ ಕತ್ತರಿ ತೆಗೆದುಕೊಂಡಳು.

"ಇಪ್ಪತ್ತೆರಡು ವರ್ಷ ಈ ಕತ್ತರಿ ನೋಡಿ ನಾನೂ ಹೊಟ್ಟೆ ಉರ್ಕೊಂಡಿದ್ದೀನಿ ರೀ. ಒಂದು ದಿನ ಬಚ್ಚಿಟ್ಟಿದ್ನಾ?"

ಎರಡು ದಿನ ಊಟಕ್ಕೆ ಕರೆದದ್ದು ಬಿಟ್ಟರೆ ಅವಳು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ತೋಳಿನ ಸುತ್ತನ್ನು ತಾನು ಹೇಗೆ ಅಳೆಯುತ್ತಿದ್ದೆ ಎಂದು ಹೇಳಿಕೊಟ್ಟ.

ವರ್ಷದ ಹೊತ್ತಿಗೆ ಅವನ ಕೈಗೆ ಚಾಕ್ ಹಿಡಿದು ಗೆರೆ ಎಳೆಯುವಷ್ಟು ಬಲ ಬಂತು. ದಪ್ಪ ಬಟ್ಟೆ ಕತ್ತರಿಸುವಷ್ಟು ಬರಲಿಲ್ಲ. ಅವನು ಗೆರೆ ಎಳೆಯುತ್ತಾನೆ, ಅವಳು ಕತ್ತರಿಸುತ್ತಾಳೆ. ಒಮ್ಮೊಮ್ಮೆ ಅವಳು ಬೇಕೆಂದೇ ಗೆರೆ ಬಿಟ್ಟು ಒಂದೆಳೆ ಆಚೆ ಕತ್ತರಿಸುವುದನ್ನು ಅವನು ನೋಡುತ್ತಾನೆ. ಕೋಟು ಚೆನ್ನಾಗೇ ಕೂರುತ್ತದೆ. ಅವತ್ತು ಅವನಿಗೆ ಅನ್ನ ರುಚಿಸುವುದಿಲ್ಲ.