ಎರಡೂ ಭಾಷೆಯಲ್ಲಿ

"ಬಿಡಿ, ನಿಮ್ಮ ಕೈಲಾಗಲ್ಲ," ಎಂದು ಹೆಡ್ಮಾಸ್ಟರರ ಕೈಯನ್ನು ಪಕ್ಕಕ್ಕೆ ಸರಿಸಿ, ಮೇಷ್ಟರ ಹೆಂಡತಿ ತಾನೇ ಬಗ್ಗಿ ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಹೆಣಕ್ಕೆ ಟೈ ಕಟ್ಟಲು ಹೆಡ್ಮಾಸ್ಟರರು ಆಗಿನಿಂದ ಹೆಣಗಾಡುತ್ತಿದ್ದರು. ಶಾಲೆಯ ಬಣ್ಣದ ಟೈ, ನೀಲಿಯ ಮೇಲೆ ಹಳದಿ ಪಟ್ಟೆ.

"ಬದುಕಿದ್ದಾಗ ಇವರು ಟೈ ಮುಟ್ಟಿದವರಲ್ಲ," ಎಂದಳು.

"ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ತಾಯಿ. ಪೇಪರಿನವರು ಬರ್ತಾ ಇದಾರೆ."

"ಫೋಟೋ ನಿಮ್ದೂ ಬರುತ್ತಲ್ಲ? ನೀವೇ ಕಟ್ಕೊಳ್ಳಿ."

ಹೆಡ್ಮಾಸ್ಟರರು ಟೈಯನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ದುಃಖದಲ್ಲಿರುವವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂಬ ದೊಡ್ಡತನ ಅವರ ಮುಖದ ತುಂಬ ಹರಡಿತು. ಆ ಮುಖವನ್ನು ನೋಡಿ ಅವಳಿಗೆ ಮೈ ಉರಿಯಿತು.

ಅವಳು ಹೊಲಿಗೆಯವಳು. ಮುಂದಿನ ಕೋಣೆಯಲ್ಲೇ ಮಿಷನ್ನು ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು. ಬಾಗಿಲಲ್ಲಿ ನಿಂತವರ ಅಳತೆಯನ್ನು ಟೇಪು ಹಿಡಿಯದೆ ಕಣ್ಣಲ್ಲೇ ತೆಗೆಯುವುದು ರೂಢಿಯಾಗಿತ್ತು. ಇವತ್ತು ಮಿಷನ್ನನ್ನು ಗೋಡೆಗೆ ಸರಿಸಿ, ಅದರ ಜಾಗದಲ್ಲಿ ಮೇಷ್ಟರನ್ನು ಮಲಗಿಸಿದ್ದರು. ಬಂದವರು ಒಬ್ಬೊಬ್ಬರಾಗಿ ಕೈಮುಗಿದು, ಶಾಲೆಯಿಂದ ತರಿಸಿದ ಮಡಿಸುವ ಕುರ್ಚಿಗಳಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಹೊಗಳಲು ಶುರುಮಾಡುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ಅಳೆಯುತ್ತಿದ್ದಳು.

"ಎಂಥಾ ಮನುಷ್ಯ! ಶನಿವಾರ ಬಂತೂಂದ್ರೆ ಮನೆಬಾಗಿಲಿಗೆ ಬಂದು ಮಕ್ಕಳ ಇಂಗ್ಲಿಷ್ ಪಾಠದ ವಿಷಯ ಹೇಳಿಹೋಗೋರು," ಎಂದಳು ಔಷಧಿ ಅಂಗಡಿಯವನ ಹೆಂಡತಿ.

'ನೀನು ಟೀವಿ ಜೋರು ಮಾಡ್ತಿದ್ದೆ,' ಎಂದುಕೊಂಡಳು ಹೊಲಿಗೆಯವಳು. 'ಕರೆಗಂಟೆ ಕೇಳಿಸಲಿಲ್ಲ ಅನ್ನೋ ನೆಪಕ್ಕೆ.'

ಹೆಡ್ಮಾಸ್ಟರರು ಮೇಷ್ಟರ ತಮ್ಮನನ್ನು ಮೂಲೆಗೆ ಕರೆದು ಕಿವಿಯಲ್ಲಿ ಏನೋ ಊದಿದರು. ಬಣ್ಣದ ಅಂಗಡಿ ಇಟ್ಟುಕೊಂಡಿದ್ದ ಆ ತಮ್ಮ ಗೋಡೆಗೆ ಬಳಿಯುವುದಕ್ಕಿಂತ ನುಣುಪಾಗಿ ಮಾತಿಗೆ ಬಣ್ಣ ಬಳಿಯುತ್ತಿದ್ದ. ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ.

"ಅತ್ತಿಗೆ, ಸಾಹೇಬರು ಒಂದು ಒಳ್ಳೇ ವಿಚಾರ ಮಾಡಿದಾರೆ. ಅಣ್ಣ ಮಾಡ್ತಿದ್ದ ಕೆಲಸಾನ ಇಡೀ ಶಾಲೆಗೆ ಕಡ್ಡಾಯ ಮಾಡ್ತಾರಂತೆ. ಪ್ರತಿಯೊಬ್ಬ ಟೀಚರೂ ವಾರವಾರ ತಂದೆತಾಯಿಗೆ ವರದಿ ಒಪ್ಪಿಸಬೇಕು. ಮಕ್ಕಳು ಕ್ಲಾಸಲ್ಲಿ ಏನು ಹೇಳಿದ್ರು, ಏನು ಮಾಡಿದ್ರು, ಎಲ್ಲಾ. ಅಣ್ಣನ ಹೆಸರಲ್ಲೇ ಯೋಜನೆ!"

"ಅವರ ಹೆಸರು ಯಾಕೆ?"

"ಗೌರವ ಅಲ್ವಾ ಅತ್ತಿಗೆ? ಮಣ್ಣು ಮಾಡೋ ಜಾಗದಲ್ಲಿ ಸಾಹೇಬರು ಭಾಷಣ ಮಾಡ್ತಾರೆ. ಆಮೇಲೆ ನೀವು ಮೈಕಲ್ಲಿ 'ನನ್ನ ಒಪ್ಪಿಗೆ ಇದೆ' ಅಂದ್ರೆ ಸಾಕು. ಜಾಸ್ತಿ ಏನೂ ಬೇಡ."

ಅವಳು ಬಗ್ಗಿ ಗಂಡನ ಅಂಗಿಯ ತೋಳಿನ ಸುಕ್ಕು ಸರಿಮಾಡಿದಳು. ಮೈದುನ ಅದನ್ನೇ ಒಪ್ಪಿಗೆ ಎಂದುಕೊಂಡು ಹೆಡ್ಮಾಸ್ಟರರತ್ತ ತಲೆಯಾಡಿಸಿದ.

*

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಸೇರಿದ ಹೊಸತರಲ್ಲೇ ಮೇಷ್ಟರಿಗೆ ಈ ಗೀಳು ಹತ್ತಿತ್ತು. ಮಗು ತರಗತಿಯಲ್ಲಿ ಏನು ಕಲಿಯುತ್ತಿದೆ ಎಂದು ಹೆತ್ತವರಿಗೆ ಗೊತ್ತಿಲ್ಲದಿದ್ದರೆ ಕಲಿಸಿಯೂ ದಂಡ ಎಂದು ಅವರ ವಾದ. ಪರೀಕ್ಷೆಯ ಅಂಕ ನೋಡಿ ಹೊಡೆಯುವ ಬದಲು ವಾರವಾರದ ಪಾಠ ಕೇಳಿ ಖುಷಿಪಡಲಿ ಎಂದು ಆಸೆ. ಶನಿವಾರ ಮಧ್ಯಾಹ್ನ ಕಾಲಿಗೆ ಚಕ್ರ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಕ್ಕಳು 'ರೇಡಿಯೋ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ತಿರುಗಿಸಿ ಆರಿಸಲಾಗದ ರೇಡಿಯೋ ಎಂದು ತಂದೆಯಂದಿರು ಸೇರಿಸಿದ್ದರು.

ಮಾಂಸದಂಗಡಿಯವನು ಕತ್ತಿ ಮಸೆಯುತ್ತಲೇ "ಹೂಂ, ಹೂಂ," ಎನ್ನುತ್ತಿದ್ದ. ಬ್ಯಾಂಕಿನವನು ಚಪ್ಪಲಿ ಹಾಕಿಕೊಂಡು ಎಲ್ಲಿಗೋ ಹೊರಟವನಂತೆ ಎದುರಾಗಿ, ಮೇಷ್ಟರು ಬೀದಿ ತಿರುಗಿದ ಮೇಲೆ ಒಳಗೆ ಹೋಗುತ್ತಿದ್ದ. ಮೇಷ್ಟರಿಗೆ ಇದ್ಯಾವುದೂ ತಗಲುತ್ತಿರಲಿಲ್ಲ.

"ಅವರಿಗೆ ಬೇಡದ್ದನ್ನ ಯಾಕ್ರೀ ಹೊತ್ಕೊಂಡು ಹೋಗ್ತೀರಾ?" ಎಂದು ಹೆಂಡತಿ ಕೇಳುವಳು.

"ಬೇಡ ಅಂತ ಯಾರು ಅಂದ್ರು? ಹೂಂ ಹೂಂ ಅಂತಾರಲ್ಲ."

ಗಂಡನ ಮೇಲೆ ಅವಳಿಗೆ ಅಸಡ್ಡೆ ಹುಟ್ಟಿದ್ದು ಹೀಗೆ. ಕೆಟ್ಟವನಲ್ಲದ, ಆದರೆ ಎದುರಿಗಿರುವವನ ಮುಖ ಓದಲು ಬಾರದ ಮನುಷ್ಯನ ಬಗ್ಗೆ ಹುಟ್ಟುವ ಅಸಡ್ಡೆ. ಕಾಗದದ ಮೇಲಿದ್ದರೆ ಅಲ್ಪವಿರಾಮವನ್ನೂ ಬಿಡದೆ ಓದುವವರು ಅವರು.

ಒಂದು ಶನಿವಾರ ಮೇಷ್ಟರು ಕುಣಿಯುತ್ತಲೇ ಮನೆಗೆ ಬಂದರು. ಚಪ್ಪಲಿ ಬಿಡುವುದಕ್ಕೂ ತಾಳ್ಮೆಯಿಲ್ಲ.

"ಕೇಳಿಲ್ಲಿ! ಟಯರ್ ಅಂಗಡಿಯವನ ಮಗಳು ಇದಾಳಲ್ಲ, ಒಂಬತ್ತನೇ ಕ್ಲಾಸು, ಬಾಯೇ ಬಿಡದ ಹುಡುಗಿ? ನಮ್ಮ ಮನೆ ಅಂತ ವಿಷಯ ಕೊಟ್ಟು ಎಲ್ಲರ ಹತ್ರಾನೂ ಇಂಗ್ಲಿಷಲ್ಲಿ ಮಾತಾಡಿಸಿದೆ. ಇವಳು ಎದ್ದು ನಿಂತು ಎರಡು ವಾಕ್ಯ ಹೇಳಿದಳು ನೋಡು! ಒಂದಕ್ಷರ ತಪ್ಪಿಲ್ಲ."

"ಏನಂದ್ಲು?"

ಮೇಷ್ಟರು ಮೊದಲು ಇಂಗ್ಲಿಷಿನಲ್ಲಿ ಹೇಳಿದರು, ಆಮೇಲೆ ಅರ್ಥ ಬಿಡಿಸಿದರು. "ನಮ್ಮಪ್ಪ ನಮ್ಮ ಮನೇಲಿ ಊಟ ಮಾಡ್ತಾರೆ. ಇನ್ನೊಂದು ಮನೇಲಿ ನಗ್ತಾರೆ. ದಿನಾ ನಡೆಯೋದನ್ನ ಹೇಳೋಕೆ ಯಾವ ಕಾಲ ಬಳಸಬೇಕೋ ಅದನ್ನೇ ಬಳಸಿದಾಳೆ. ಹಿಂದಿನ ವಾರ ತಾನೇ ಹೇಳ್ಕೊಟ್ಟಿದ್ದು!"

ಹೆಂಡತಿಯ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು.

"ರೀ... ಇದನ್ನ ಅವರ ಮನೇಲಿ ಹೇಳಿಲ್ಲ ತಾನೇ?"

"ಹೇಳದೆ? ಗಂಡ ಹೆಂಡತಿ ಇಬ್ರೂ ಇದ್ರು. ಅವರಿಗೆ ಇಂಗ್ಲಿಷ್ ಬರಲ್ವಲ್ಲ, ಅದಕ್ಕೆ ಎರಡೂ ಭಾಷೇಲಿ ಹೇಳಿದೆ."

"ಅವರೇನಂದ್ರು?"

"ಏನೂ ಅನ್ನಲಿಲ್ಲ. ಪಾಪ, ಸಂತೋಷಕ್ಕೆ ಮಾತೇ ಹೊರಡಲಿಲ್ಲ ಅಂತ ಕಾಣುತ್ತೆ."

ಅವಳು ಗಂಡನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಕಪಟದ ಗೆರೆಯೂ ಇರಲಿಲ್ಲ. ಸ್ವಲ್ಪ ಕಪಟವಾದರೂ ಇದ್ದಿದ್ದರೆ ಬೈಯಬಹುದಿತ್ತು.

"ಇಷ್ಟು ವರ್ಷ ಪಾಠ ಹೇಳ್ತಿದೀರಲ್ಲ," ಎಂದಳು ಕೊನೆಗೆ. "ಆ ಹುಡುಗಿ ವ್ಯಾಕರಣ ಒಪ್ಪಿಸ್ತಿದ್ಲೇನ್ರೀ? ಯಾರಾದ್ರೂ ಕೇಳಿಸ್ಕೊಳ್ಳಲಿ ಅಂತ ಬಾಯಿಬಿಟ್ಟಿದ್ಲು. ನಿಮ್ಮನ್ನ ನಂಬಿ."

ಮೇಷ್ಟರ ನಗು ಒಮ್ಮೆಲೇ ಹೋಗಲಿಲ್ಲ. ಎರಡು ವಾಕ್ಯಗಳನ್ನು ತುಟಿಯಲ್ಲೇ ಮತ್ತೊಮ್ಮೆ ಹೇಳಿಕೊಂಡರು. ಆಮೇಲೆ ಬಾಗಿಲಲ್ಲೇ ಕುಸಿದು ಕೂತರು. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

*

ಮನೆಯ ಮುಂದೆ ವ್ಯಾನು ಬಂದು ನಿಲ್ಲುವ ಹೊತ್ತಿಗೆ ಟಯರ್ ಅಂಗಡಿಯವನು ಬಂದ. ಈಗ ದಪ್ಪಗಾಗಿದ್ದ, ಕೂದಲಿಗೆ ಕಪ್ಪು ಹಚ್ಚಿದ್ದ. ಊರಿನಲ್ಲಿ ಅಂಗಡಿಗಳನ್ನು ಹೆಚ್ಚಿಸಿಕೊಂಡವನೆಂದು ಎಲ್ಲರೂ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮೇಷ್ಟರ ಕಾಲ ಬಳಿ ದೊಡ್ಡ ಹೂವಿನ ಚಕ್ರವಿಟ್ಟ. ಟಯರಿನಷ್ಟೇ ಅಗಲವಿತ್ತು.

"ನಮ್ಮ ಹುಡುಗಿಗೆ ಇವರೇ ಇಂಗ್ಲಿಷ್ ಹೇಳಿಕೊಟ್ಟಿದ್ದು," ಎಂದು ಪಕ್ಕದವನಿಗೆ ಕೇಳುವಂತೆ ಹೇಳಿದ. "ಮನೆಗೇ ಬಂದು ವರದಿ ಕೊಡೋರು. ಈಗಿನ ಕಾಲದಲ್ಲಿ ಅಂಥೋರು ಎಲ್ಲಿ ಸಿಗ್ತಾರೆ?"

ಹೊಲಿಗೆಯವಳು ತಲೆಯೆತ್ತಿದಳು. "ಎಷ್ಟನೇ ಕ್ಲಾಸಿನ ತನಕ ಓದಿದ್ಲು ನಿಮ್ಮ ಹುಡುಗಿ?"

"ಅದು... ಒಂಬತ್ತು. ಆಮೇಲೆ ಅವಳಿಗೆ ಮನಸ್ಸಿರಲಿಲ್ಲ."

"ಅವಳಿಗಾ?"

ಟಯರ್ ಅಂಗಡಿಯವನು ಗಡಿಯಾರ ನೋಡಿಕೊಂಡ. ಹೆಡ್ಮಾಸ್ಟರರು ಚುರುಕಾಗಿ ಎದ್ದು, ಹೊತ್ತಾಯಿತು, ಎತ್ತೋಣ ಎಂದರು.

*

ಹುಡುಗಿಯನ್ನು ಆ ವಾರವೇ ಶಾಲೆ ಬಿಡಿಸಿ ಬೇರೆ ಊರಿನ ಸೋದರತ್ತೆಯ ಮನೆಗೆ ಕಳಿಸಿದ್ದರು. ಮೇಷ್ಟರು ಟಯರ್ ಅಂಗಡಿಯವನ ಮನೆಗೆ ಅಲೆದರು. ಬಾಗಿಲು ತೆರೆಯಲಿಲ್ಲ. ಹೆಡ್ಮಾಸ್ಟರರ ಹತ್ತಿರ ಹೋಗಿ, ಹುಡುಗಿಯನ್ನು ವಾಪಸು ಕರೆಸಿ ಎಂದು ಅಂಗಲಾಚಿದರು. "ಸಂಸಾರದ ವಿಷಯ ಮೇಷ್ಟ್ರೇ, ನಮಗ್ಯಾಕೆ? ಒಳ್ಳೇ ಸುದ್ದಿ ಇದ್ರೆ ಹೇಳಿ, ಇಲ್ದಿದ್ರೆ ಸುಮ್ಮನಿರಿ," ಎಂದರು ಅವರು.

ಮೇಷ್ಟರು ಆ ಮಾತನ್ನೇ ಹಿಡಿದುಕೊಂಡರು. ಮತ್ತೆಂದೂ ಮಕ್ಕಳಿಗೆ ಮನೆಯ ಬಗ್ಗೆ ಮಾತಾಡಿ ಎನ್ನಲಿಲ್ಲ. ಹಸುವಿನ ಬಗ್ಗೆ ಹೇಳಿ, ಮೇಜಿನ ಬಗ್ಗೆ ಹೇಳಿ ಎಂದರು. ಶನಿವಾರದ ತಿರುಗಾಟ ಮಾತ್ರ ನಿಲ್ಲಿಸಲಿಲ್ಲ. ಎಲ್ಲ ಮನೆಯಲ್ಲೂ ಒಂದೇ ಪಲ್ಲವಿ: "ಪಾಠ ಚೆನ್ನಾಗಿ ನಡೀತಿದೆ, ಮಗು ಚೆನ್ನಾಗಿ ಕಲೀತಿದೆ." ಆಗ ಶುರುವಾಯಿತು ನೋಡಿ ಮರ್ಯಾದೆ! ಬಾಗಿಲು ಹಾಕಿಕೊಳ್ಳುತ್ತಿದ್ದವರು ಕೂರಿಸಿ ಟೀ ಕೊಟ್ಟರು. ಬ್ಯಾಂಕಿನವನು ಗೇಟಿನ ತನಕ ಬಂದು ಬೀಳ್ಕೊಟ್ಟ. ವಾರ್ಷಿಕೋತ್ಸವದಲ್ಲಿ ಹೆಡ್ಮಾಸ್ಟರರು ಶಾಲು ಹೊದಿಸಿದರು.

"ಹೋಗೋದಾದ್ರೂ ಯಾಕ್ರೀ?" ಎಂದು ಹೆಂಡತಿ ಕೇಳಿದಳು. "ಅದೇ ಸುಳ್ಳನ್ನ ಮನೇಲಿ ಕೂತು ಹೇಳಿ."

"ನಿಲ್ಲಿಸಿದ್ರೆ ಯಾಕೆ ನಿಲ್ಲಿಸಿದೆ ಅಂತ ಕೇಳ್ತಾರೆ."

ಅವತ್ತಿನಿಂದ ಶನಿವಾರ ಅವಳು ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಮೇಷ್ಟರು ಬಂದು, ಕೈಕಾಲು ತೊಳೆದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಆ ಬೆನ್ನನ್ನು ನೋಡುವಾಗಲಷ್ಟೇ ಅವಳ ಅಸಡ್ಡೆ ಕೊಂಚ ಸಡಿಲವಾಗುತ್ತಿತ್ತು. ಅದು ಅವರಿಗೆ ಎಂದೂ ಗೊತ್ತಾಗಲಿಲ್ಲ. ಅವಳೂ ಹೇಳಲಿಲ್ಲ.

*

ಸ್ಮಶಾನದಲ್ಲಿ, ಗುಂಡಿಯ ಪಕ್ಕಕ್ಕೆ ಶಾಲೆಯ ಮೈಕು ನೆಟ್ಟಿದ್ದರು. ಮಣ್ಣು ಹಾಕಿದ್ದಾಯಿತು. ಹೆಡ್ಮಾಸ್ಟರರು ಜೇಬಿನಿಂದ ಭಾಷಣದ ಕಾಗದ ತೆಗೆದಾಗ ಟೈಯೂ ಈಚೆ ಬಂದು ಕೆಳಗೆ ಬಿತ್ತು. ಮೈದುನ ಓಡಿಬಂದು ಎತ್ತಿಕೊಟ್ಟ. "ಕರ್ತವ್ಯವೇ ಮೈವೆತ್ತಂತಿದ್ದ..." ಎಂದು ಶುರುವಾಯಿತು.

ಅವಳು ಎರಡು ವಾಕ್ಯ ಕೇಳಿ ಹೊರಗೆ ನಡೆದಳು. ಗಾಳಿ ಬೇಕಾಗಿರಬೇಕು ಎಂದು ಜನ ದಾರಿ ಬಿಟ್ಟರು.

ಗೇಟಿನಾಚೆಯ ಮೋಟುಗೋಡೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮೂವತ್ತು ದಾಟಿದ ವಯಸ್ಸು, ಸೋಪಿನ ಪುಡಿಗೆ ಬೆಳ್ಳಗಾದ ಕೈಗಳು. ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು.

"ಒಳಗೆ ಬರಲ್ವಾ ಅಮ್ಮ?" ಎಂದು ಹೊಲಿಗೆಯವಳು ಕೇಳಿದಳು.

"ಇಲ್ಲ. ನಮ್ಮಪ್ಪ ಇದಾರೆ ಒಳಗೆ. ಟಯರ್ ಅಂಗಡಿಯವರು."

ಹೊಲಿಗೆಯವಳು ಹತ್ತಿರ ಬಂದು ಮುಖ ನೋಡಿದಳು. "ನೀನಾ?"

"ನಾನೇ. ಸೋದರತ್ತೆ ಊರಲ್ಲಿ ಬಟ್ಟೆ ಒಗೆಯೋ ಅಂಗಡಿ ಇದೆ, ಈಗ ನಂದೇ. ಅಳೋಕೆ ಬಂದಿಲ್ಲ ಆಂಟಿ. ಸುಳ್ಳು ಹೇಳಲ್ಲ. ಸತ್ರು ಅಂತ ಗೊತ್ತಾಯ್ತು, ನೋಡೋಣ ಅಂತ ಬಸ್ ಹತ್ತಿದೆ. ಇಲ್ಲಿ ಬಂದ್ಮೇಲೆ ನೋಡೋದೂ ಬೇಡ ಅನ್ನಿಸ್ತು."

ಹೊಲಿಗೆಯವಳು ಗೋಡೆಯ ಮೇಲೆ ಪಕ್ಕದಲ್ಲಿ ಕೂತಳು. ಬೆಳಗಿನಿಂದ ಬಂದವರಲ್ಲಿ ನೆಟ್ಟಗೆ ಮಾತಾಡಿದವಳು ಇವಳೊಬ್ಬಳೇ ಎನಿಸಿತು.

"ಒಂದು ಸಲ ಅಂಗಡಿಗೆ ಬಂದಿದ್ರು ಮೇಷ್ಟ್ರು," ಎಂದಳು ಟಯರ್ ಅಂಗಡಿಯವನ ಮಗಳು.

"ನಂಗೆ ಹೇಳಲಿಲ್ಲ."

"ಹೇಳೋಕೆ ಏನಿತ್ತು? ಬಹಳ ಹೊತ್ತು ಗಿರಾಕಿ ಥರ ನಿಂತಿದ್ರು. ಆಮೇಲೆ, ಶಾಲೆ ಬಿಟ್ಟುಹೋಯ್ತಲ್ಲಮ್ಮ, ಭಾನುವಾರ ಬಂದು ಪಾಠ ಹೇಳ್ಕೊಡ್ಲಾ ಅಂದ್ರು. ಹೇಳ್ಕೊಡಿ, ಆಮೇಲೆ ಯಾರ ಮನೆಗೆ ಹೋಗಿ ಹೇಳ್ತೀರಾ ಅಂದೆ. ತಲೆ ತಗ್ಗಿಸಿಕೊಂಡು ಹೋದ್ರು."

ಹೊಲಿಗೆಯವಳಿಗೆ ನಗು ಉಕ್ಕಿತು. ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಬೆಳಗಿನಿಂದ ಬಾರದ್ದು.

"ತಪ್ಪಾಯ್ತಾ ಆಂಟಿ?"

"ತಪ್ಪೇನು ಬಂತು? ನಾನು ಇಷ್ಟು ವರ್ಷ ಬೈದೂ ಇಷ್ಟು ಚೆನ್ನಾಗಿ ಬೈಯೋಕಾಗಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಳಗೆ ಏನು ನಡೀತಿದೆ ಗೊತ್ತಾ? ಕ್ಲಾಸಲ್ಲಿ ಮಕ್ಕಳು ಬಾಯಿಬಿಟ್ಟಿದ್ದನ್ನೆಲ್ಲ ಮನೆಗೆ ಮುಟ್ಟಿಸೋ ಯೋಜನೆಯಂತೆ. ಇವರ ಹೆಸರಲ್ಲಿ. ನಾನು ಮೈಕಲ್ಲಿ ಒಪ್ಪಿಗೆ ಅನ್ನಬೇಕಂತೆ."

ಮಗಳ ಕೈ ಸಿಪ್ಪೆಯ ಮೇಲೆ ನಿಂತಿತು. "ಅಂತೀರಾ?"

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಸ್ಮಶಾನದಲ್ಲಿ ಚಪ್ಪಾಳೆ ಹೊಡೆಯಬಾರದೆಂದು ಯಾರಿಗೋ ನೆನಪಾಗಿ ಅದು ಅರ್ಧಕ್ಕೇ ನಿಂತಿತು. ಟಯರ್ ಅಂಗಡಿಯವನು ಗೇಟಿನ ತನಕ ಬಂದ. ಗೋಡೆಯ ಮೇಲೆ ಕೂತವರಿಬ್ಬರನ್ನೂ ನೋಡಿದ. ಮಗಳು ತಲೆ ತಿರುಗಿಸಲಿಲ್ಲ. ಅವನು ಫೋನು ಬಂದವನಂತೆ ಕಿವಿಗೆ ಕೈಯಿಟ್ಟುಕೊಂಡು ವಾಪಸು ಹೋದ.

"ಈಗ ಮೇಷ್ಟರ ಶ್ರೀಮತಿಯವರು ಎರಡು ಮಾತಾಡಬೇಕು," ಎಂದಿತು ಮೈಕು. ಕೊಂಚ ಹೊತ್ತು ಬಿಟ್ಟು ಮತ್ತೆ, "ಶ್ರೀಮತಿಯವರು ಎಲ್ಲಿದ್ದರೂ ಇಲ್ಲಿಗೆ ಬರಬೇಕು." ಆಮೇಲೆ ಮೈದುನನ ಪಿಸುಮಾತೂ ಮೈಕಿನಲ್ಲಿ ಬಂತು: "ಎಲ್ಲಿ ಹೋದ್ರು ಇವರು?"

ಮಗಳು ಹಣ್ಣನ್ನು ಎರಡು ಹೋಳು ಮಾಡಿ ಒಂದನ್ನು ಚಾಚಿದಳು. ಹೊಲಿಗೆಯವಳು ತೆಗೆದುಕೊಂಡು, ಒಂದೊಂದೇ ತೊಳೆಯ ಬಿಳಿನಾರು ಬಿಡಿಸಿ ಬಾಯಿಗಿಟ್ಟಳು. ಮೈಕು ಇನ್ನೂ ಕರೆಯುತ್ತಿತ್ತು. ಅವಳು ಬೀಜವನ್ನು ರಸ್ತೆಗೆ ಉಗಿದಳು. ರಸ ಮುಂಗೈಯಿಂದ ಮೊಣಕೈಯ ತನಕ ಇಳಿಯಿತು, ಒರೆಸಿಕೊಳ್ಳಲಿಲ್ಲ.