ಜೋಡಿ ರಂಧಾ

ಟಿಕೋಟಾದ ಬಡಿಗ ಗೊಲ್ಲಾಳಪ್ಪ ಮತ್ತು ಅವನ ತಮ್ಮ ರಾಯಪ್ಪ ಬೇರೆಯಾದದ್ದು ಐವತ್ತೊಂಬತ್ತನೆಯ ಇಸವಿಯಲ್ಲಿ, ಅಪ್ಪ ತೀರಿಕೊಂಡ ವರ್ಷ. ಜಗಳಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಗಿರಾಕಿಗಳ ಎದುರಿಗೆ ಅಣ್ಣ ಒಮ್ಮೆ, "ರಾಯಾ, ನೀ ಕೂಡ್ಸಿದ ಸಂದು ಯಾವತ್ತೂ ಸಡ್ಲ ನೋಡಪಾ" ಅಂದಿದ್ದ. ನಗುತ್ತಲೇ ಅಂದದ್ದು. ಆದರೆ ಸುತ್ತ ನಿಂತವರೂ ನಕ್ಕರು. ರಾಯಪ್ಪನ ಎದೆಯಲ್ಲಿ ಆ ಮಾತು ಮುಳ್ಳಿನಂತೆ ಮುರಿದುಕೊಂಡು ಉಳಿಯಿತು.

ಊರ ಹಿರಿಯರು ಕೂತು ಪಾಲು ಮಾಡಿದರು. ಮನೆ ಅಣ್ಣನಿಗೆ, ವಿಜಾಪುರದಲ್ಲಿ ಅಂಗಡಿ ಹಾಕಲಿಕ್ಕೆ ಇದ್ದಬದ್ದ ಸಾಗವಾನಿ ತಮ್ಮನಿಗೆ. ಕಡೆಗೆ ಉಳಿದದ್ದು ಅಪ್ಪ ಸೊಲ್ಲಾಪುರದಿಂದ ತಂದಿದ್ದ ಎರಡು ರಂಧಾ. ಕಟ್ಟಿಗೆ ನುಣುಪು ಮಾಡುವ ಸಾದಾ ರಂಧಾ ಅಲ್ಲ, ಗಾಜಿನ ಬಾಗಿಲಿಗೆಂದೇ ಮಾಡಿದವು. ಒಂದರ ಅಲಗು ಚೌಕಟ್ಟಿನ ಉದ್ದಕ್ಕೂ ದುಂಡನೆಯ ಅಂಚನ್ನು, ಗಾಜು ಕೂರುವ ಕಚ್ಚನ್ನು ಒಟ್ಟಿಗೇ ತೆಗೆಯುತ್ತಿತ್ತು. ಇನ್ನೊಂದರ ಅಲಗಿನದು ಅದಕ್ಕೆ ತಿರುವುಮುರುವಾದ ಆಕಾರ. ಅಡ್ಡಪಟ್ಟಿಯ ತುದಿಯನ್ನು ಅದರಿಂದ ಹೆರೆದರೆ ಆ ತುದಿ ದುಂಡಂಚಿನ ಮೇಲೆ ಹೋಗಿ ಬಿಗಿಯಾಗಿ ಕೂಡುತ್ತಿತ್ತು. ಉದ್ದದ ಕೆಲಸ ರಾಯಪ್ಪನದು, ತುದಿಯ ಕೆಲಸ ಅಣ್ಣನದು.

"ಇವೆರಡೂ ಕೂಡೇ ಇರ್ಲಿ," ಎಂದ ಗೊಲ್ಲಾಳಪ್ಪ. "ಬೇಕಂದ್ರ ನೀನಽ ಒಯ್ಯಿ."

"ಪಾಲಂದ್ರ ಪಾಲು. ನಿನಗೊಂದು, ನನಗೊಂದು."

"ಒಂದಽ ತೊಗೊಂಡು ಏನ್ ಮಾಡ್ತೀಯೋ?"

"ಅದು ನನ್ನ ಚಿಂತಿ."

ರಾಯಪ್ಪ ಉದ್ದದ ರಂಧಾ ಆರಿಸಿಕೊಂಡ. ಅದರಿಂದ ತಾನು ಏನು ಮಾಡಬಹುದೆಂದು ಅವನು ಯೋಚಿಸಿರಲಿಲ್ಲ. ಇನ್ನು ಮೇಲೆ ಅಣ್ಣ ಗಾಜಿನ ಬಾಗಿಲು ಮಾಡಲಾರ ಎಂಬುದಷ್ಟೇ ಅವನ ತಲೆಯಲ್ಲಿತ್ತು.

ಎರಡು ವರ್ಷದ ಮೇಲೆ ಬಬಲೇಶ್ವರದ ಕಾಳಿನ ವ್ಯಾಪಾರಿ ಬಸಗೊಂಡಪ್ಪ ವಿಜಾಪುರದ ಅಂಗಡಿಗೆ ಬಂದ. ಹೊಸ ಮನೆ ಕಟ್ಟಿಸುತ್ತಿದ್ದ. ಪಡಸಾಲೆಗೆ ಬೆಳಕು ಬರಲೆಂದು ಸೊಸೆ ರುಕ್ಮವ್ವ ಗಾಜಿನ ಬಾಗಿಲು ಕೇಳಿದ್ದಳು. ರಾಯಪ್ಪ ಹಿಂದೆಮುಂದೆ ನೋಡದೆ ಒಪ್ಪಿಕೊಂಡ.

ತುದಿ ಹೆರೆಯುವ ಅಲಗು ಬೇಕಲ್ಲ? ಕಮ್ಮಾರ ದಾವಲಸಾಬನ ಹತ್ತಿರ ಹೋದ. ದಾವಲಸಾಬ ಹಳೆಯ ಅರ ಕಾಸಿ, ಬಡಿದು, ಮೂರು ಅಲಗು ಮಾಡಿಕೊಟ್ಟ. ರಾಯಪ್ಪ ಮೂರನ್ನೂ ಹಾಕಿ ನೋಡಿದ. ಒಂದು ಆಳ ಕೊರೆಯಿತು, ಒಂದು ಅಂಚು ಸಿಗಿಯಿತು. ಮೂರನೆಯದು ಹತ್ತಿರ ಹತ್ತಿರ ಕೂತಿತು, ಆದರೂ ಸಂದಿನಲ್ಲಿ ಉಗುರು ಸಿಗುವಷ್ಟು ಬಿರುಕು.

"ನಿಮ್ಮಣ್ಣನ ರಂಧಾ ಒಂದಿನ ಇಸ್ಕೊಂಡು ಬಾ. ಅದನ್ನ ನೋಡಿ ಕರೆಕ್ಟ್ ತಿಕ್ಕಿ ಕೊಡ್ತೇನಿ," ಎಂದ ದಾವಲಸಾಬ. "ಟಿಕೋಟಾ ಏನ್ ದೂರ ಐತಿ?"

"ಇದಽ ಸಾಕು," ಎಂದ ರಾಯಪ್ಪ.

ಬಿರುಕು ಕಾಣದಂತೆ ಸಂದುಗಳಲ್ಲಿ ಲಪ್ಪದ ಮೆತ್ತು ತುಂಬಿ, ಮೇಲೆ ಹಸಿರು ಬಣ್ಣ ಬಳಿದ. ಬಾಗಿಲು ನಿಂತ ದಿನ ಬಬಲೇಶ್ವರದ ಮಂದಿ ಬಂದು ಹೊಗಳಿ ಹೋದರು.

ಮುಂದಿನ ಮಳೆಗಾಲದ ಒಂದು ಸಂಜೆ ಗಾಳಿ ಎದ್ದಿತು. ರುಕ್ಮವ್ವ ಓಡಿಬಂದು ಬಾಗಿಲು ಮುಚ್ಚಿದಳು. ನೀರುಂಡು ಸಡಿಲಾಗಿದ್ದ ಅಡ್ಡಪಟ್ಟಿ ಕಳಚಿ, ಮೇಲಿನ ಗಾಜು ಜಾರಿ ಅವಳ ಬಲ ಅಂಗೈ ಮೇಲೆ ಬಿತ್ತು. ವಿಜಾಪುರದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯಿತು, ಎರಡು ಬೆರಳು ಮಾತ್ರ ಮತ್ತೆ ಮಡಚಲಿಕ್ಕೆ ಬರಲಿಲ್ಲ.

ಬಸಗೊಂಡಪ್ಪ ಬಯ್ಯಲಿಲ್ಲ. ಬಾಗಿಲು ದುರಸ್ತಿ ಮಾಡಿಕೊಡು ಎಂದಷ್ಟೇ ಹೇಳಿಕಳಿಸಿದ. ಅದೇ ದಿನ ರಾಯಪ್ಪ ಟಿಕೋಟಾಕ್ಕೆ ಹೋದ.

ಅತ್ತಿಗೆ ಸೀತವ್ವ ನೀರು ಕೊಟ್ಟು, "ಈಗ ನೆಪ್ಪಾತೇನಪಾ ಮನಿ?" ಎಂದಳು. ಗೊಲ್ಲಾಳಪ್ಪ ಅಂಗಳದಲ್ಲಿ ಕೂರಿಗೆ ಕೆತ್ತುತ್ತಿದ್ದ. ಬಾಗಿಲಿನ ಕೆಲಸ ಬಿಟ್ಟು ಬಹಳ ದಿನವಾಗಿತ್ತು. ತಮ್ಮ ಹೇಳಿದ್ದನ್ನೆಲ್ಲ ಕೇಳಿದ. ಎದ್ದು ಒಳಗೆ ಹೋಗಿ, ಅಟ್ಟದ ಮೇಲಿನಿಂದ ರಂಧಾ ತಂದ. ಅಲಗಿಗೆ ತುಕ್ಕು ಹತ್ತದಂತೆ ಎಣ್ಣೆ ಸವರಿಟ್ಟಿದ್ದ.

"ಒಂದ್ ಮಾತು ಕೇಳಿದ್ರ ಅವತ್ತಽ ಕೊಡ್ತಿದ್ದೆ," ಎಂದ.

ಇಬ್ಬರೂ ಬಬಲೇಶ್ವರಕ್ಕೆ ಹೋಗಿ ಬಾಗಿಲು ಬಿಚ್ಚಿ, ಹೊಸ ಪಟ್ಟಿ ಹೆರೆಯತೊಡಗಿದರು. ಮೊದಲಿನ ಹಾಗೆಯೇ, ಉದ್ದದ್ದು ತಮ್ಮ, ತುದಿ ಅಣ್ಣ. ರುಕ್ಮವ್ವ ಎಡಗೈಯಲ್ಲಿ ಒಂದೊಂದೇ ಬಟ್ಟಲು ಹಿಡಿದು ತಂದು ಚಹಾ ಇಟ್ಟಳು. ರಾಯಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.

"ತಂಗೀ, ನನ್ನಿಂದ ತಪ್ಪಾತು."

"ಇರ್ಲಿ ಬಿಡ್ರಿ ಯಣ್ಣಾ. ನೀವೇನ್ ಬೇಕಂತ ಮಾಡೀರೇನು?"

ಗೊಲ್ಲಾಳಪ್ಪನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಹೆರೆಯತೊಡಗಿತು. ತಾನು ಬೇಕಂತಲೇ ರಂಧಾ ಕೇಳದೆ ಇದ್ದದ್ದು ಅಣ್ಣನಿಗೆ ಗೊತ್ತಿತ್ತು; ಅವನು ತಲೆ ಎತ್ತದಿದ್ದುದಕ್ಕೇ ರಾಯಪ್ಪನಿಗೆ ಹೆಚ್ಚು ನಾಚಿಕೆಯಾಯಿತು. ಬಟ್ಟಲು ಕೈಯಲ್ಲಿ ಹಿಡಿದು ಕೂತ; ಚಹಾ ಆರಿತು.

ಕೆಲಸ ಮುಗಿದ ದಿನ ಬಸ್ಸಿನ ಕಟ್ಟೆಯಲ್ಲಿ ಅವನು ತನ್ನ ರಂಧಾವನ್ನು ಅಣ್ಣನ ಚೀಲದಲ್ಲಿಟ್ಟ.

"ನಿನಗ ಬ್ಯಾಡೇನೋ?"

"ಕೂಡೇ ಇರ್ಲಿ ಅಣ್ಣಾ."

"ಹಂಗಾರ ನೀನೂ ಬಾ. ಕೂಡೇ ಮಾಡೂಣು."

ಹೂಂ ಅನ್ನಬೇಕೆಂದು ರಾಯಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಟಿಕೋಟಾದ ಬಸ್ಸು ಬಂತು, ಜನ ನುಗ್ಗಿದರು. "ನೋಡೂಣು," ಎಂದ. ಆ ನೋಡುವುದು ಮತ್ತೆ ಆಗಲೇ ಇಲ್ಲ.

ಆಮೇಲೆ ಅವನ ಅಂಗಡಿಗೆ ಯಾರಾದರೂ ಗಾಜಿನ ಬಾಗಿಲು ಕೇಳಿಕೊಂಡು ಬಂದರೆ, "ಟಿಕೋಟಾಕ ಹೋಗ್ರಿ, ನಮ್ಮಣ್ಣ ಛಲೋ ಮಾಡ್ತಾನ" ಎನ್ನುತ್ತಿದ್ದ. ನೀವ್ಯಾಕ ಮಾಡೂದಿಲ್ಲ ಎಂದು ಕೇಳಿದರೆ, ಕೈಯಲ್ಲಿದ್ದ ಹಲಗೆಯನ್ನು ತಿರುಗಿಸಿಟ್ಟುಕೊಂಡು ಗರಗಸ ಎಳೆಯುತ್ತಿದ್ದ.