ಬಾಬೆಲಿಗೆ ಹೋದ ಕಾಗದ

ನಾನು ಒಂದು ಭೂಪಟ. ಮಂಗಳೂರಿನ ಮಗ್ಗದ ಕಾರ್ಖಾನೆಯಲ್ಲಿ ನೇಯ್ದ ದಪ್ಪ ಬಟ್ಟೆಯೇ ನನ್ನ ಮೈ. ಚಾದರವಾಗಿ ಯಾರದೋ ಗೊರಕೆ ಕೇಳುತ್ತಾ ಬಿದ್ದಿರಬೇಕಿದ್ದ ನನಗೆ ಬೆನ್ಯಾಮೀನ ಕುಂದರ್ ಎಂಬ ಮಾಸ್ತರರು ಗಂಜಿ ಹಚ್ಚಿ, ಎರಡು ತಿಂಗಳು ಕೂತು ಬಣ್ಣ ಬಳಿದರು. ಎಡಗಡೆ ಯೆರೂಸಲೇಮ್, ಬಲಗಡೆ ಬಾಬೆಲ್, ನಡುವೆ ಮರುಭೂಮಿ. ಯೂಫ್ರೆಟಿಸ್ ನದಿಯನ್ನು ಮಾತ್ರ ನೇತ್ರಾವತಿಯಷ್ಟು ಧಾರಾಳವಾಗಿ ಬರೆದುಬಿಟ್ಟರು. ಕಣ್ಣಾರೆ ಕಂಡ ದೊಡ್ಡ ನದಿ ಅದೊಂದೇ, ಪಾಪ, ಅವರಾದರೂ ಏನು ಮಾಡಿಯಾರು!

ಪಾದ್ರಿಗಳಾಗುವವರು ಕಲಿಯುವ ಶಾಲೆಯ ಗೋಡೆಗೆ ನನ್ನನ್ನು ತೂಗುಹಾಕಿದರು. ಕುಂದರ್ ಮಾಸ್ತರರದ್ದು ಒಂದೇ ಹಟ. ಬೈಬಲಿನ ಇಬ್ರಿಯ ಪ್ರವಾದಿಗಳ ಯಾವ ಮಾತು ಓದುವುದಿದ್ದರೂ ಮೊದಲು ನನ್ನ ಮೇಲೆ ಬೆರಳಿಡಬೇಕು. ಹೇಳಿದವನು ಎಲ್ಲಿ ನಿಂತಿದ್ದ, ಆಗ ಅರಸ ಯಾರು, ಕೇಳಿದವರ ಕಷ್ಟ ಏನಿತ್ತು ಎಂದು ಹೇಳಬೇಕು.

"ಪ್ರವಾದಿ ಅಂದ್ರೆ ಕಣಿ ಹೇಳುವವ ಅಲ್ಲ ಮಾರಾಯ್ರೆ. ಅವನೆದುರು ಜೀವಂತ ಜನ ನಿಂತಿದ್ರು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ತರಗತಿ ಮುಗಿದ ಮೇಲೆ ದಯಾವತಿ ಬಂದರು. ಹಂಚಿನ ಕಾರ್ಖಾನೆಯ ಕೆಲಸದಾಕೆ. ಗಂಡ ತಿಮೊಥಿ ಹಂಚು ಹೇರಿದ ಹಡಗಿನಲ್ಲಿ ಕಡಲಾಚೆಯ ಬಸ್ರಾ ಬಂದರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು, ಸುದ್ದಿಯಿಲ್ಲ. ಮಗಳು ಪ್ರೇಮಲತೆಗೆ ಒಳ್ಳೆಯ ಸಂಬಂಧ ಬಂದಿತ್ತು. ಅಪ್ಪ ಬಂದ ಮೇಲೆಯೇ ಮದುವೆ ಎಂದು ತಾಯಿ ಪಟ್ಟು ಹಿಡಿದಿದ್ದರು. ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡುತ್ತೇವೆ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರು.

ದಯಾವತಿ ಸೆರಗಿನ ಗಂಟಿನಿಂದ ಒಂದು ಚೀಟಿ ಬಿಚ್ಚಿದರು. ಅವರ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ಆರಾಧನೆಯ ದಿನ ಪ್ರತಿ ಮನೆಯವರೂ ಒಂದು ಬೈಬಲ್ ವಚನದ ಚೀಟಿ ಎತ್ತುವ ರೂಢಿ. ಬಂದ ಮಾತು ಆ ಮನೆಗೆ ಆ ವರ್ಷದ ವಾಗ್ದಾನ. ದೂರದ ಬಾಬೆಲಿಗೆ ಹೋದವರನ್ನು ದೇವರು ತಿರುಗಿ ಊರಿಗೆ ಕರೆತರುವನೆಂದು ಇವರ ಚೀಟಿಯಲ್ಲಿತ್ತು.

"ಬಾಬೆಲು ಬಸ್ರಾದ ಆಚೆ ಈಚೆಯೇ ಅಲ್ವಾ ಮಾಸ್ಟ್ರೆ? ಹಾಗಾದ್ರೆ ಇದು ನಂಗೇ ಬಂದ ಮಾತು. ಅವರು ಯಾವಾಗ ಬರ್ತಾರೆ? ನಿಮ್ಮ ಪಟ ನೋಡಿ ಹೇಳಿ."

ಮಾಸ್ತರರು ಚೀಟಿ ತೆಗೆದುಕೊಂಡು ನೋಡಿದರು. ಅಕ್ಷರ ಅವರದ್ದೇ! ಸಭೆಯ ಚೀಟಿಗಳನ್ನು ಪ್ರತಿವರ್ಷ ಬರೆಯುತ್ತಿದ್ದವರು ಅವರು. ತರಗತಿಯಲ್ಲಿ ಅಷ್ಟು ಹಟ ಹಿಡಿಯುವ ಮನುಷ್ಯ, ಚೀಟಿ ಬರೆಯಲು ಕೂತಾಗ ಉದ್ದದ ಕಾಗದವೊಂದರಿಂದ ಸಿಹಿಯಾದ ಸಾಲೊಂದನ್ನು ಮಾತ್ರ ಕಿತ್ತುಕೊಂಡಿದ್ದರು. ನನಗೇ ನಾಚಿಕೆಯಾಯಿತು.

"ತಪ್ಪು ನನ್ನದು ದಯಾವತಿಯಮ್ಮ" ಎಂದು ಅವರು ಆಕೆಯ ಬೆರಳನ್ನು ಯೆರೂಸಲೇಮಿನ ಮೇಲಿಡಿಸಿದರು. "ಈ ಮಾತು ಯೆರೆಮೀಯ ಪ್ರವಾದಿ ಇಲ್ಲಿಂದ ಬರೆದ ಕಾಗದದ್ದು. ಬಾಬೆಲಿನ ಅರಸ ಈ ಊರಿನವರನ್ನು ಸೆರೆ ಹಿಡಿದು ಅಲ್ಲಿಗೆ ಕೊಂಡುಹೋಗಿದ್ದ. ಎರಡೇ ವರ್ಷದಲ್ಲಿ ವಾಪಸ್ ಬರ್ತಾರೆ ಅಂತ ಇನ್ನೊಬ್ಬ ಪ್ರವಾದಿ ಸಾರಿದ. ಜನಕ್ಕೆ ಬೇಕಾದದ್ದೂ ಅದೇ. ಯೆರೆಮೀಯ ಮಾತ್ರ ಎಪ್ಪತ್ತು ವರ್ಷ ಅಂದ."

"ಎಪ್ಪತ್ತಾ? ಕಾಗದ ಓದಿದವರು ಅಷ್ಟು ಬದುಕ್ಲಿಕ್ಕುಂಟಾ?"

"ಇಲ್ಲ. ಹೆಚ್ಚಿನವರು ಅಲ್ಲೇ ಮಣ್ಣಾದ್ರು. ಬಂದದ್ದು ಮಕ್ಕಳು, ಮೊಮ್ಮಕ್ಕಳು."

ಆಕೆಯ ಬೆರಳು ನನ್ನ ಮೇಲೆ ನಿಧಾನವಾಗಿ ಹೊರಟಿತು. ಮರುಭೂಮಿಯನ್ನು ಬಳಸಿ, ಬಡಗಣಕ್ಕೆ ಏರಿ, ನದಿಯ ದಂಡೆ ಹಿಡಿದು ಬಾಬೆಲಿಗೆ ಇಳಿಯಿತು. ತರಗತಿಯಲ್ಲಿ ಎಷ್ಟು ಕೋಲುಗಳು ಆ ದಾರಿ ತೋರಿಸಿದ್ದವೋ! ಅದರಲ್ಲಿ ಹೆಂಗಸರು ಮಕ್ಕಳನ್ನೆತ್ತಿಕೊಂಡು ನಡೆದಿದ್ದರೆಂಬುದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ಬೆರಗಿನಿಂದ ನನ್ನ ನೂಲು ನೂಲೂ ಜುಮ್ಮೆಂದಿತು.

"ಅಲ್ಲಿ ಅವರು ಎಂತ ಮಾಡ್ಬೇಕಿತ್ತು? ಅಳ್ತಾ ಕೂತ್ಕೊಳ್ಳುದಾ?"

"ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಂತ ಬರೆದಿದ್ದ. ಆ ಊರು ಚೆನ್ನಾಗಿರ್ಲಿ ಅಂತ ಪ್ರಾರ್ಥನೆ ಮಾಡಿ ಅಂತಲೂ."

"ಸೆರೆ ಹಿಡಿದವರ ಊರಿಗಾ?"

"ಹೌದು."

ದಯಾವತಿಯ ಕಣ್ಣಲ್ಲಿ ನೀರು ತುಂಬಿತು. "ಇಷ್ಟೆಲ್ಲ ಇತ್ತಾ! ಇದನ್ನು ಯಾಕೆ ಬರೀಲಿಲ್ಲ ನೀವು?" ಆಕೆ ಅತ್ತು, ಮುಖ ಒರೆಸಿಕೊಂಡು, ಮದುವೆಗೆ ಒಪ್ಪಿಗೆಯೆಂದು ಗಂಡಿನ ಮನೆಗೆ ಹೇಳಿ ಕಳಿಸಲು ಹೊರಟರು. ಅದೇ ತಿಂಗಳು ಅಪ್ಪನ ಜಾಗದಲ್ಲಿ ಮಗಳ ಕೈ ಹಿಡಿದು ದೇವಾಲಯದೊಳಗೆ ನಡೆಸಿಕೊಂಡು ಹೋದವರೂ ಅವರೇ. ತಿಮೊಥಿ ಬರಲೇ ಇಲ್ಲ.

ಕುಂದರ್ ಮಾಸ್ತರರು ಹೋದ ಮೇಲೆ ಬಂದವರು ಅಚ್ಚಿನ ಭೂಪಟ ತರಿಸಿದರು. ನನ್ನನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಎಷ್ಟೋ ವರ್ಷದ ಮೇಲೆ ಯಾರೋ ಪುಣ್ಯಾತ್ಮರು ಧೂಳು ಕೊಡವಿ, ಹಳೆಯ ವಸ್ತುಗಳ ಕೋಣೆಯಲ್ಲಿ ಗಾಜಿನ ಹಿಂದೆ ಇಟ್ಟರು. ಬಣ್ಣ ಮಾಸಿದೆ, ಮಡಿಕೆಗಳಲ್ಲಿ ಬಿರುಕು. ಬಸ್ರಾದ ಮೇಲೆ ಬಾಂಬು ಬೀಳುತ್ತಿದೆಯೆಂದು ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ತೋಳು ಹಿಡಿದು ಬಂದು ನನ್ನೆದುರು ನಿಂತರು. ದಯಾವತಿಯದೇ ಮುಖ. ಪ್ರೇಮಲತೆ!

"ನಮ್ಮಲ್ಲಿ ಊಟಕ್ಕೆ ಮೊದಲು ಬಸ್ರಾ ಊರಿಗೆ ಪ್ರಾರ್ಥನೆ ಮಾಡುದು ಯಾಕೆ ಅಂತ ಕೇಳ್ತಿದ್ದಿ ಅಲ್ವಾ?" ಎಂದು ಮೊಮ್ಮಗಳಿಗೆ ಹೇಳಿದರು. "ನನ್ನ ಮದುವೆ ದಿನ ಅಮ್ಮ ಶುರು ಮಾಡಿದ್ದು. ಒಂದು ದಿನವೂ ಬಿಟ್ಟದ್ದಿಲ್ಲ."